ದೋನಾಲಿ ಬಂದೂಕು ಮತ್ತು ಎರೆಭೂತ

ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. "ನಮ್ಮ ದಾದಾ ದೊಡ್ಡ ಶಿಕಾರಿ ಇದ್ದರು. ದೋನಾಲಿ ಬಂದೂಕು ಹೆಗಲಿಗೆ ಹಾಕಿ ಹೊರಟರೆ ಬರಿಗೈಲಿ ಬಂದಿದ್ದೇ ಇಲ್ಲ." ಈ ಮಾತು ನೀವೂ ಕೇಳಿರುತ್ತೀರಿ. ಹೇಳುವವರ ಮುಖದಲ್ಲಿ ಹೆಮ್ಮೆ ಇರುತ್ತದೆ, ಕೇಳುವ ಮಕ್ಕಳ ಕಣ್ಣಲ್ಲಿ ಬೆರಗು ಇರುತ್ತದೆ. ಆದರೆ ಆ ದೋನಾಲಿ ಅಂದರೇನು, ಅದು ಯಾವ ಹಕ್ಕಿಯನ್ನು ಕೆಡವುತ್ತಿತ್ತು, ಆ ಹಕ್ಕಿ ಈಗ ಎಲ್ಲಿದೆ ಅಂತ ಕೇಳುವವರು ಕಡಿಮೆ. ಈ ಲೇಖನದಲ್ಲಿ ನಾನು ಕೇಳಬೇಕೆಂದಿರುವುದು ಈ ಮೂರು ಪ್ರಶ್ನೆಗಳನ್ನೇ.

ಮೊದಲು ಸ್ವಲ್ಪ ದೂರದಿಂದ ಬರೋಣ. ಅಮೆರಿಕದಲ್ಲಿ ಜೋಡುನಳಿಗೆ ಬಂದೂಕು ಅಂದ ಕೂಡಲೇ ನೆನಪಾಗುವ ಬೇಟೆಗಳಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಯೂ ಒಂದು. ಆ ಹಕ್ಕಿ ನಮ್ಮ ದೇಶದ್ದಲ್ಲ. ಆದರೂ ನಮ್ಮ ಚರಿತ್ರೆಯಲ್ಲಿ ಅದಕ್ಕೊಂದು ಜಾಗ ಇದೆ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾ ಬಂದರಿನಿಂದ ತಂದ ಅಪರೂಪದ ವಸ್ತುಗಳ ಜೊತೆ ಒಂದು ಟರ್ಕಿ ಕೋಳಿಯೂ ಜಹಾಂಗೀರ್ ಬಾದಶಹನ ದರ್ಬಾರಿಗೆ ಬಂತು. ಬಾದಶಹ ಅದನ್ನು ಬೇಟೆಯಾಡಲಿಲ್ಲ, ತನ್ನ ಚಿತ್ರಕಾರರಿಂದ ಚಿತ್ರ ಬರೆಸಿದ. ಉಸ್ತಾದ್ ಮನ್ಸೂರ್ ಬರೆದ ಟರ್ಕಿಯ ಚಿತ್ರ ಇವತ್ತು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ತಮಾಷೆ ನೋಡಿ: ಇಂಗ್ಲಿಷರು ಆ ಹಕ್ಕಿಯನ್ನು 'ಟರ್ಕಿ' ಅಂದರು, ತುರ್ಕರು ಅದನ್ನೇ 'ಹಿಂದಿ' ಅಂದರು, ಪೋರ್ಚುಗೀಸರು 'ಪೆರು' ಅಂದರು. ಉರ್ದುವಿನ 'ಪೀರೂ' ಆ ಪೋರ್ಚುಗೀಸ್ ಹೆಸರಿನದೇ ಮಗು. ಹಕ್ಕಿ ಮಾತ್ರ ಇವರಾರ ಊರಿನದೂ ಅಲ್ಲ.

ಹಾಗಾದರೆ ಅಮೆರಿಕದವರಿಗೆ ಟರ್ಕಿ ಹೇಗೋ ನಮ್ಮ ದಖ್ಖನಿನ ಶಿಕಾರಿಗೆ ಹಾಗೆ ಇದ್ದ ಹಕ್ಕಿ ಯಾವುದು? ನೆಲದ ಮೇಲೆ ನಡೆಯುವ, ಮೈತುಂಬ ಮಾಂಸ ಇರುವ, ಕಣ್ಣು ಬಹಳ ಚುರುಕಾದ, ಹತ್ತಿರ ಹೋಗುವುದೇ ಕಷ್ಟವಾದ ಹಕ್ಕಿ? ಅದೇ ಎರೆಭೂತ.

ಎರೆ ಅಂದರೆ ಕಪ್ಪು ನೆಲ. ಬಳ್ಳಾರಿ, ರಾಯಚೂರು, ವಿಜಯಪುರ, ಧಾರವಾಡ ಕಡೆಯ ಜೋಳ, ಹತ್ತಿ ಬೆಳೆಯುವ ನೆಲ. ಆ ಎರೆಹೊಲದಲ್ಲಿ, ಹುಲ್ಲುಗಾವಲಿನಲ್ಲಿ ಮನುಷ್ಯನ ಸೊಂಟದೆತ್ತರಕ್ಕೆ ನಿಲ್ಲುವ ಈ ಹಕ್ಕಿಯನ್ನು ದೂರದಿಂದ ಕಂಡರೆ, ಸಂಜೆ ಹೊತ್ತಲ್ಲಿ ಅದರ ಗುಡುಗಿನಂಥ ದನಿ ಕೇಳಿದರೆ, ಭೂತ ಅನ್ನಿಸದೆ ಇರದು. ಕನ್ನಡ ಪುಸ್ತಕಗಳಲ್ಲಿ ಹೆಬ್ಬಕ ಅಂತಲೂ ಇದೆ. ಮರಾಠಿಯವರಿಗೆ ಇದು 'ಮಾಳಢೋಕ್', ಹಿಂದಿಯಲ್ಲಿ 'ಸೋನ್ ಚಿಡಿಯಾ', ಇನ್ನೊಂದು ಹೆಸರು 'ಹುಕ್ನಾ'. ಈ ಹೆಸರು ಅದರ ಕೂಗಿನಿಂದ ಬಂದಿದೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಎತ್ತರ ಸುಮಾರು 1 ಮೀಟರ್. ಗಂಡು ಹಕ್ಕಿ 15 ಕಿಲೋ ಹತ್ತಿರ ತೂಗಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಪ್ರಪಂಚದಲ್ಲೇ ಅತಿ ಭಾರದ ಕೆಲವೇ ಹಕ್ಕಿಗಳಲ್ಲಿ ಇದೊಂದು. ತಿನ್ನುವುದು ಮಿಡತೆ, ಜೀರುಂಡೆ, ಕಾಳು, ಬೋರೆಹಣ್ಣು. ಅಂದರೆ ಒಕ್ಕಲಿಗನಿಗೆ ಇದು ಶತ್ರು ಅಲ್ಲ, ಪುಕ್ಕಟೆ ಕೆಲಸ ಮಾಡುವ ಆಳು.

ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದುಸ್ತಾನದ ಹಕ್ಕಿಗಳನ್ನು ಪಟ್ಟಿ ಮಾಡುವಾಗ ಇದೇ ಜಾತಿಯ ಹಕ್ಕಿಯನ್ನು ಹೇಳಿ ಅದರ ಮಾಂಸದ ರುಚಿಯನ್ನೂ ಹೊಗಳಿದ್ದಾನೆ. ಈ ರುಚಿಯೇ ಹಕ್ಕಿಗೆ ಮುಳುವಾಯಿತು.

ಈಗ ಬಂದೂಕಿನ ಮಾತು. ನಾವು ದಿನಾ ಆಡುವ 'ಬಂದೂಕು' ಎಂಬ ಪದದಲ್ಲೇ ಒಂದು ಚರಿತ್ರೆ ಅಡಗಿದೆ. ಅರಬ್ಬಿಯಲ್ಲಿ 'ಬುಂದುಕ್' ಅಂದರೆ ಒಂದು ಬಗೆಯ ಗುಂಡನೆಯ ಕಾಯಿ. ಆ ಕಾಯಿಯಂತೆ ಉರುಟಾಗಿ ಮಾಡಿದ ಮಣ್ಣಿನ ಗುಂಡಿಗೂ ಅದೇ ಹೆಸರು ಬಂತು. ಆ ಗುಂಡನ್ನು ವಿಶೇಷ ಬಿಲ್ಲಿನಿಂದ ಹಕ್ಕಿಗೆ ಹೊಡೆಯುತ್ತಿದ್ದರು. ಮುಂದೆ ಮದ್ದಿನಿಂದ ಗುಂಡು ಹಾರಿಸುವ ನಳಿಗೆ ಬಂದಾಗ ಹೆಸರು ಅದಕ್ಕೂ ಹತ್ತಿಕೊಂಡಿತು. ಕನ್ನಡಕ್ಕೆ ಈ ಪದ ನಮ್ಮ ಮಾತಿನಿಂದ ಬಂದು, ಇವತ್ತು ಯಾರೂ ಅದನ್ನು ಪರಕೀಯ ಅನ್ನದಷ್ಟು ಬೆರೆತುಹೋಗಿದೆ. ಮಲೆನಾಡಿನವರು, ಕೊಡಗಿನವರು 'ಕೋವಿ' ಅನ್ನುತ್ತಾರೆ, ನಮ್ಮ ಬಯಲುಸೀಮೆಯವರು 'ಬಂದೂಕು' ಅನ್ನುತ್ತಾರೆ. ವಸ್ತು ಒಂದೇ.

ಬಂದೂಕಿನ ಕಸುಬು ನಮ್ಮ ನೆಲಕ್ಕೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾರ್ಖಾನೆಗಳಲ್ಲಿ ಯುದ್ಧದ ಬಂದೂಕಿನ ಜೊತೆ ಬೇಟೆಯ ಬಂದೂಕುಗಳೂ ತಯಾರಾಗುತ್ತಿದ್ದವು. ಹುಲಿಯ ಪಟ್ಟೆ, ಹುಲಿಯ ಮುಖದ ಕೆತ್ತನೆ, ಮೌಲೂದಿ ವರ್ಷದ ಗುರುತು ಇರುವ ಆ ಬಂದೂಕುಗಳನ್ನು 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹೊತ್ತೊಯ್ದರು. ಇವತ್ತಿಗೂ ಅವು ಅಲ್ಲಿನ ಸಂಗ್ರಹಗಳಲ್ಲಿವೆ, ಆಗಾಗ ಹರಾಜಿಗೂ ಬರುತ್ತವೆ.

ಆದರೆ ಅವೆಲ್ಲ ಬಾಯಿಂದ ಮದ್ದು ತುಂಬುವ ಬಂದೂಕುಗಳು. ಮದ್ದು ಹಾಕು, ಬತ್ತಿ ತುರುಕು, ಚರೆ ಹಾಕು, ಗಜದಿಂದ ಜಡಿ, ಆಮೇಲೆ ಹೊಡೆ. ಒಂದು ಏಟು ತಪ್ಪಿದರೆ ಹಕ್ಕಿ ಊರಾಚೆ. ಜೋಡುನಳಿಗೆಯ ಅರ್ಥ ಇಲ್ಲೇ ಇದೆ. ಪಕ್ಕಪಕ್ಕ ಎರಡು ನಳಿಗೆ, ಕೆಳಗೆ ಎರಡು ಕುದುರೆ. ಮೊದಲನೇದು ತಪ್ಪಿದರೆ ಬಂದೂಕು ಹೆಗಲಿಂದ ಇಳಿಸದೇ ಎರಡನೇದು. ಹತ್ತೊಂಬತ್ತನೇ ಶತಮಾನದ ನಡುವೆ ನಳಿಗೆಯನ್ನು ಮಡಚಿ ಹಿಂದಿನಿಂದ ತೋಟಾ ತುಂಬುವ ಬಂದೂಕು ಯುರೋಪಿನಲ್ಲಿ ಬಳಕೆಗೆ ಬಂತು. 1875ರಲ್ಲಿ ಹೊರಗೆ ಸುತ್ತಿಗೆ ಇಲ್ಲದ, ಮಡಚಿದಾಗ ತಾನೇ ಸಜ್ಜಾಗುವ ಯಂತ್ರವೂ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಯಿತು. ಆಮೇಲೆ ಬದಲಾದದ್ದು ಕಡಿಮೆ. ನೂರು ವರ್ಷದ ಹಿಂದಿನ ದೋನಾಲಿಗೂ ಸ್ವಾತಂತ್ರ್ಯದ ನಂತರ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ದೋನಾಲಿಗೂ ಅಕ್ಕತಂಗಿಯರ ಹೋಲಿಕೆ ಇದೆ.

ವಿದ್ಯಾರ್ಥಿಗಳು ಕೇಳುತ್ತಾರೆ, "ಸರ್, ಬಾರಾ ಬೋರ್ ಅಂದರೇನು?" ಅಂತ. ಲೆಕ್ಕ ಸರಳ. ಒಂದು ಪೌಂಡು ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದೊಂದು ಗುಂಡು ಯಾವ ನಳಿಗೆಗೆ ಸರಿಯಾಗಿ ಕೂರುತ್ತದೋ ಅದು 12 ಬೋರ್. ಅಗಲ ಸುಮಾರು 18.5 ಮಿಲಿಮೀಟರ್. ಸಂಖ್ಯೆ ದೊಡ್ಡದಾದರೆ ನಳಿಗೆ ಸಣ್ಣದು. ಸಾಮಾನ್ಯವಾಗಿ ಜೋಡುನಳಿಗೆಯ ಬಲಗಡೆ ನಳಿಗೆ ಬಾಯಿ ಬಿಟ್ಟಿರುತ್ತದೆ, ಚರೆ ಬೇಗ ಹರಡುತ್ತದೆ. ಎಡಗಡೆಯದು ತುದಿಯಲ್ಲಿ ಸ್ವಲ್ಪ ಕಿರಿದಾಗಿರುತ್ತದೆ, ಚರೆ ಒಟ್ಟಾಗಿ ದೂರ ಹೋಗುತ್ತದೆ. ಹತ್ತಿರದ ಹಕ್ಕಿಗೆ ಬಲಗಡೆ ಕುದುರೆ, ಎದ್ದು ಹಾರುವ ಹಕ್ಕಿಗೆ ಎಡಗಡೆ. ಏನೇ ಆದರೂ 35, 40 ಮೀಟರ್ ದಾಟಿದ ಮೇಲೆ ಚರೆಯ ಏಟಿಗೆ ಭರವಸೆ ಇಲ್ಲ.

ಎರೆಭೂತವನ್ನು ಇಷ್ಟು ದಿನ ಬದುಕಿಸಿದ್ದು ಈ 40 ಮೀಟರೇ. ಮರ ಇಲ್ಲದ ಬಯಲು, ಎತ್ತರದ ಕತ್ತು, ಮೈಲಿ ದೂರದವರೆಗೆ ಕಾಣುವ ಕಣ್ಣು. ಮನುಷ್ಯ ಕಾಲ್ನಡಿಗೆಯಲ್ಲಿ ನೇರ ಹೋದರೆ ಹಕ್ಕಿ ನಡೆಯುತ್ತಾ ನಡೆಯುತ್ತಾ ದೂರ ಸರಿಯುತ್ತದೆ, ಇನ್ನೂ ಹತ್ತಿರ ಹೋದರೆ ಹಾರುತ್ತದೆ. ಅದಕ್ಕೆ ಶಿಕಾರಿಗಳು ಎತ್ತಿನ ಬಂಡಿಯ ಉಪಾಯ ಮಾಡಿದರು. ಹೊಲದಲ್ಲಿ ದಿನಾ ಬಂಡಿ ನೋಡುವ ಹಕ್ಕಿ ಬಂಡಿಗೆ ಹೆದರುವುದಿಲ್ಲ. ಬಂದೂಕುದಾರ ಬಂಡಿಯ ಮರೆಯಲ್ಲಿ ನಡೆಯುತ್ತಾನೆ. ಬಂಡಿ ನೇರ ಹೋಗದೆ ಸುತ್ತು ಹಾಕುತ್ತಾ ಹಾಕುತ್ತಾ ಸುತ್ತನ್ನು ಸಣ್ಣದು ಮಾಡುತ್ತದೆ. ಒಕ್ಕಲಿಗನ ಬಂಡಿಯ ಮೇಲೆ ಹಕ್ಕಿ ಇಟ್ಟ ನಂಬಿಕೆಯೇ ಅದಕ್ಕೆ ಬಲೆ ಆಯಿತು.

ಹೀಗೆ ಎಷ್ಟು ಹೊಡೆದರು? ಒಂದು ಲೆಕ್ಕ ದಾಖಲಾಗಿದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷಿನವ 1809ರಿಂದ 1829ರ ತನಕ ಅಹಮದ್‌ನಗರ ಸೀಮೆಯಲ್ಲಿ 961 ಎರೆಭೂತ ಹೊಡೆದ. ಒಬ್ಬನೇ ಮನುಷ್ಯ, 20 ವರ್ಷ, 961 ಹಕ್ಕಿ. ಅದೂ ತೋಟಾ ಬಂದೂಕು ಬರುವ ಮೊದಲು. ಇವತ್ತು ಇಡೀ ಪ್ರಪಂಚದಲ್ಲಿ ಉಳಿದಿರುವ ಎರೆಭೂತಗಳು 150ರ ಆಸುಪಾಸು ಅಂತ ಇತ್ತೀಚಿನ ಅಂದಾಜು. ಎರಡೂ ಸಂಖ್ಯೆ ಪಕ್ಕಪಕ್ಕ ಬರೆದು ನೋಡಿ.

ಇದರ ಹಿಂದಿನ ಕಾರಣ ಅರ್ಥ ಮಾಡಿಕೊಳ್ಳಬೇಕು. ಕವುಜುಗ, ಪುರಲೆ ವರ್ಷಕ್ಕೆ ಹತ್ತಾರು ಮರಿ ಮಾಡುತ್ತವೆ, ಹೊಡೆದದ್ದು ತುಂಬಿಕೊಳ್ಳುತ್ತದೆ. ಎರೆಭೂತ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಗೂಡೂ ಇಲ್ಲ, ಮರೆಯೂ ಇಲ್ಲ. ಮಳೆಗಾಲದಲ್ಲಿ ಗಂಡು ಹಕ್ಕಿ ಪ್ರತಿ ವರ್ಷ ಅದೇ ದಿಬ್ಬಕ್ಕೆ ಬಂದು, ಕತ್ತಿನ ಚೀಲ ಉಬ್ಬಿಸಿ, ಬಾಲ ಎತ್ತಿ ಕುಣಿಯುತ್ತದೆ. ಹೆಣ್ಣಿಗೆ ಕಾಣಲಿ ಅಂತ ಅದು ನಿಂತ ಜಾಗ ಶಿಕಾರಿಗೂ ಕಾಣುತ್ತದೆ. ಆ ಒಂದು ಗಂಡು ಹೋದರೆ ಆ ದಿಬ್ಬದ ವಂಶವೇ ಹೋದಂತೆ.

ಆಮೇಲೆ ಜೀಪು ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪು, ಹೆಡ್‌ಲೈಟು, ದೋನಾಲಿ ಮೂರೂ ಒಂದಾದವು. ಬಂಡಿಯ ಮರೆಯಲ್ಲಿ ದಿನವಿಡೀ ಸುತ್ತುವ ತಾಳ್ಮೆ ಬೇಕಿಲ್ಲ. ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದರಾಯಿತು. ಬೇಟೆ ಅಂದರೆ ಕಲೆ ಅನ್ನುವವರೂ ಆ ಕಾಲದ ಜೀಪು ಬೇಟೆಯನ್ನು ಕಲೆ ಅನ್ನಲಾರರು.

ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು: ಶಿಕಾರಿ ಮಾಡುವುದು ನಮ್ಮಲ್ಲಿ ಜಾಯಿಜ್ ಅಲ್ವಾ? ಹೌದು, ಆಹಾರಕ್ಕಾಗಿ ಬೇಟೆಗೆ ಅನುಮತಿ ಇದೆ. ಸೂರಾ ಮಾಯಿದಾದಲ್ಲಿ ತರಬೇತಿ ಪಡೆದ ಬೇಟೆಪ್ರಾಣಿ ಹಿಡಿದು ತಂದದ್ದರ ಬಗ್ಗೆ ಹೇಳಿದೆ. ಆದರೆ ಅದೇ ಸೂರಾದಲ್ಲಿ ಇಹ್ರಾಮಿನಲ್ಲಿರುವವನಿಗೆ ಬೇಟೆ ಹರಾಮ್ ಅಂತಲೂ ಇದೆ. ಅಂದರೆ ಕೈಗೆ ಎಟುಕುತ್ತದೆ, ಕೊಲ್ಲಬಲ್ಲೆ, ಆದರೂ ಕೊಲ್ಲಬೇಡ ಎಂಬ ಪರೀಕ್ಷೆ. ಜೀವ ಇರುವುದನ್ನು ಗುರಿ ಅಭ್ಯಾಸಕ್ಕೆ ಇಟ್ಟು ಹೊಡೆಯುವುದನ್ನು ಪ್ರವಾದಿಯವರು (ಸ) ನಿಷೇಧಿಸಿದರು. ಸುಮ್ಮನೆ ಕೊಂದ ಗುಬ್ಬಿಯ ಬಗ್ಗೆಯೂ ಕಿಯಾಮತ್ತಿನಲ್ಲಿ ವಿಚಾರಣೆ ಇದೆ ಎಂಬ ಅರ್ಥದ ಹದೀಸುಗಳಿವೆ.

ಬಂದೂಕು ಬಂದಾಗ ನಮ್ಮ ಉಲೆಮಾಗಳಿಗೆ ಹೊಸ ಸಮಸ್ಯೆ ಎದುರಾಯಿತು. ಚೂಪಾದ ಬಾಣ ಕತ್ತರಿಸುತ್ತದೆ, ಗುಂಡು ಅಪ್ಪಳಿಸುತ್ತದೆ. ಹಳೆಯ ಫಿಕ್ಹ್ ಗ್ರಂಥಗಳಲ್ಲಿ ಮಣ್ಣಿನ ಬುಂದುಕಿನ ಏಟಿಗೆ ಸತ್ತ ಹಕ್ಕಿ ಹಲಾಲ್ ಅಲ್ಲ ಅಂತ ಇತ್ತು. ಅದರ ಆಧಾರದ ಮೇಲೆ ಈ ದೇಶದ ಹನಫಿ ಉಲೆಮಾಗಳಲ್ಲಿ ಹೆಚ್ಚಿನವರು, ಬಂದೂಕಿನ ಏಟಿಗೆ ಜಬಹ್ ಮಾಡುವ ಮೊದಲೇ ಸತ್ತದ್ದು ತಿನ್ನಬಾರದು ಅಂದರು. ಬೇರೆ ಅಭಿಪ್ರಾಯದ ಉಲೆಮಾಗಳೂ ಇದ್ದಾರೆ. ಅದಕ್ಕೇ ನಮ್ಮ ಶಿಕಾರಿಗಳ ಸೊಂಟದಲ್ಲಿ ಛುರಿ ಇರುತ್ತಿತ್ತು. ಏಟು ಬಿದ್ದ ಕೂಡಲೇ ಬಿಸ್ಮಿಲ್ಲಾ ಅನ್ನುತ್ತಾ ಓಡಬೇಕು. ನೋಡ್ರಿ, ಈ ನಿಯಮದೊಳಗೆ ಒಂದು ಹೊಣೆಗಾರಿಕೆ ಇದೆ: ದೂರದಿಂದ ಹೊಡೆದು ಮರೆತುಬಿಡುವ ಹಾಗಿಲ್ಲ, ಹೋಗಿ ಅದರ ಕಣ್ಣು ನೋಡಲೇಬೇಕು.

ಜಹಾಂಗೀರನ ಮಾತು ಮತ್ತೆ ತೆಗೆಯುತ್ತೇನೆ. ಆತ ತನ್ನ ಬೇಟೆಯ ಲೆಕ್ಕವನ್ನು ಗುಮಾಸ್ತರಿಂದ ಬರೆಸಿ ಇಟ್ಟಿದ್ದ. 12ನೇ ವಯಸ್ಸಿನಿಂದ 50ರ ತನಕ ತನ್ನ ಮುಂದೆ ಬಿದ್ದ ಜೀವಗಳು 28,532. ಅದರಲ್ಲಿ ತನ್ನ ಕೈಯಾರೆ ಕೊಂದದ್ದು 17,167. ಈ ಲೆಕ್ಕ ಬರೆಸಿದ ಮನುಷ್ಯನೇ, 50 ದಾಟಿದ ಮೇಲೆ ಕೈಯಾರೆ ಜೀವ ತೆಗೆಯುವುದಿಲ್ಲ ಅಂತ ಹರಕೆ ಹೊತ್ತಿದ್ದ. ಮೊಮ್ಮಗ ಶಾಹ್ ಶುಜಾ ಕಾಯಿಲೆ ಬಿದ್ದಾಗ ಅದನ್ನು ನೆನೆದು ಬಂದೂಕು ಕೆಳಗಿಟ್ಟ. ಕೊನೆತನಕ ಮಾತು ಉಳಿಸಿಕೊಳ್ಳಲಿಲ್ಲ ಎಂಬುದೂ ನಿಜ, ಸಾಯುವ ವರ್ಷ 1627ರಲ್ಲೂ ಆತ ಬೇಟೆಯ ಜಾಗದಲ್ಲಿದ್ದ. ಆದರೆ ಬಾದಶಹನಿಗೂ ತನ್ನ ಲೆಕ್ಕ ಭಾರ ಅನ್ನಿಸಿದ ಒಂದು ದಿನ ಇತ್ತು.

ಜಹಾಂಗೀರನ ಮೊದಲ ಹೆಸರು ಸಲೀಮ್. ಇನ್ನೊಬ್ಬ ಸಲೀಮ್ ಹುಟ್ಟಿದ್ದು ನಮ್ಮ ಮುಂಬೈಯಲ್ಲಿ, 1896ರ ನವೆಂಬರ್ 12ರಂದು. ಸುಲೈಮಾನಿ ಬೋಹ್ರಾ ಮನೆತನ. ಎಳವೆಯಲ್ಲೇ ತಂದೆತಾಯಿ ತೀರಿಕೊಂಡರು, ಖೇತವಾಡಿಯಲ್ಲಿ ಮಾಮೂ ಅಮೀರುದ್ದೀನ್ ತೈಯಬ್‌ಜೀ ಸಾಕಿದರು. ಮಾಮೂ ಶಿಕಾರಿ, ಹುಡುಗನ ಕೈಗೆ ಆಟದ ಏರ್‌ಗನ್ ಬಂತು. ಒಂದು ದಿನ ಅದರಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಹುಡುಗ ಕೇಳಿದ. ಮಾಮೂಗೆ ಗೊತ್ತಿರಲಿಲ್ಲ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಚೀಟಿ ಕೊಟ್ಟು ಕಳಿಸಿದರು. ಅಲ್ಲಿನ ಮಿಲ್ಲಾರ್ಡ್ ಸಾಹೇಬರು ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಹುಲ್ಲು ತುಂಬಿಟ್ಟ ಹಕ್ಕಿಗಳ ಕಪಾಟನ್ನೇ ತೆರೆದು ತೋರಿಸಿದರು. ಸಲೀಂ ಅಲಿ ಎಂಬ ಪಕ್ಷಿಶಾಸ್ತ್ರಜ್ಞ ಅಲ್ಲಿ ಹುಟ್ಟಿದರು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು ಕೂಡ 'ದ ಫಾಲ್ ಆಫ್ ಎ ಸ್ಪ್ಯಾರೋ'.

ಸಲೀಂ ಅಲಿ ಬಂದೂಕು ಮುಟ್ಟದ ಸಂತ ಅಲ್ಲ. 1930ರ ದಶಕದ ಹೈದರಾಬಾದ್ ಸಂಸ್ಥಾನದ ಪಕ್ಷಿ ಸರ್ವೇ, ಆಮೇಲಿನ ಮೈಸೂರು ಸಂಸ್ಥಾನದ ಸರ್ವೇ, ಎಲ್ಲದರಲ್ಲೂ ಸಣ್ಣ ಚರೆಯಿಂದ ಹಕ್ಕಿ ಹೊಡೆದು, ಚರ್ಮ ಸುಲಿದು, ಅಳತೆ ಬರೆದು ಇಟ್ಟರು. ಆ ಕಾಲದ ವಿಜ್ಞಾನದ ದಾರಿ ಅದೇ ಇತ್ತು. ಇದನ್ನು ಅವರು ಮುಚ್ಚಿಡಲಿಲ್ಲ. ಮುಘಲ್ ಬಾದಶಹರು ಪ್ರಕೃತಿಯನ್ನೂ ಬೇಟೆಯನ್ನೂ ಹೇಗೆ ನೋಡಿದರು ಅಂತ 1920ರ ದಶಕದಲ್ಲೇ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದವರೂ ಅವರೇ. ಮುಂದೆ ರಾಷ್ಟ್ರಪಕ್ಷಿ ಆರಿಸುವ ಮಾತು ಬಂದಾಗ ಎರೆಭೂತ ಆಗಲಿ ಅಂದರು. ಇಂಗ್ಲಿಷಿನಲ್ಲಿ ಆ ಹೆಸರಿನ ಒಂದು ಅಕ್ಷರ ತಪ್ಪಿದರೆ ಬೈಗುಳ ಆಗುತ್ತದೆ ಅಂತ ಬಿಟ್ಟರು ಎಂದು ಹೇಳುತ್ತಾರೆ. 1963ರಲ್ಲಿ ನವಿಲು ರಾಷ್ಟ್ರಪಕ್ಷಿ ಆಯಿತು.

ಸಲೀಂ ಅಲಿಯವರ ಸಂಬಂಧಿ ಹುಮಾಯೂನ್ ಅಬ್ದುಲಲಿ ಹೆಸರು ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವರೂ ಪಕ್ಷಿಶಾಸ್ತ್ರಜ್ಞರು, ಶಿಕಾರಿಯೂ ಹೌದು. 1951ರ ಬಾಂಬೆ ವನ್ಯಪ್ರಾಣಿ ಮತ್ತು ವನ್ಯಪಕ್ಷಿ ಸಂರಕ್ಷಣಾ ಕಾಯಿದೆ ರೂಪುಗೊಂಡದ್ದರಲ್ಲಿ ಅವರ ಕೈ ದೊಡ್ಡದು. ಅಂದು ಬಾಂಬೆ ರಾಜ್ಯದಲ್ಲಿ ಧಾರವಾಡ, ಬಿಜಾಪುರ, ಬೆಳಗಾವಿ ಜಿಲ್ಲೆಗಳೂ ಇದ್ದವು. ಅಂದರೆ 1956ಕ್ಕೆ ಮೊದಲು ನಮ್ಮ ಕನ್ನಡ ನಾಡಿನ ಎರೆಹೊಲಗಳ ಮೇಲೂ ಆ ಕಾಯಿದೆಯ ನೆರಳು ಇತ್ತು. 1972ರಲ್ಲಿ ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಎರೆಭೂತ ಮೊದಲನೇ ಪಟ್ಟಿಗೆ ಸೇರಿತು. ಬೇಟೆ ಅಪರಾಧವಾಯಿತು. ದೋನಾಲಿಗೆ ಲೈಸೆನ್ಸ್ ಈಗಲೂ ಸಿಗುತ್ತದೆ, ಬೆಳೆ ಕಾಯಲು, ಜೀವ ಕಾಯಲು. ಚುನಾವಣೆ ಬಂದರೆ ಠಾಣೆಗೆ ಒಯ್ದು ಠೇವಣಿ ಇಡಬೇಕು. ಬಹುಪಾಲು ಮನೆಗಳಲ್ಲಿ ಅದು ಗೋದ್ರೇಜ್ ಬೀರುವಿನ ಹಿಂದೆ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದೆ.

ಬಂದೂಕು ಮಲಗಿತು, ಆದರೆ ಹಕ್ಕಿ ಯಾಕೆ ಏಳಲಿಲ್ಲ? ಯಾಕೆಂದರೆ ಬಂದೂಕು ಅರ್ಧ ಕೆಲಸ ಮುಗಿಸಿತ್ತು, ಉಳಿದರ್ಧ ನೆಲ ಬದಲಾದದ್ದರಿಂದ ಆಯಿತು. 1969ರ ಸುಮಾರಿಗೆ ಭಾವನಗರದ ರಾಜಮನೆತನದ ಧರ್ಮಕುಮಾರಸಿಂಹಜಿ ಹಾಕಿದ ಅಂದಾಜು ದೇಶದಲ್ಲಿ ಸುಮಾರು 1,260 ಹಕ್ಕಿ. ಕಾಯಿದೆ ಬಂದ ಮೇಲೂ ಈ ಸಂಖ್ಯೆ ಇಳಿಯುತ್ತಲೇ ಹೋಯಿತು. ತುಂಗಭದ್ರೆಯ ಕಾಲುವೆ ಬಂದು ಜೋಳದ ಹೊಲ ಭತ್ತದ ಗದ್ದೆ ಆಯಿತು. ಅದು ರೈತನ ತಪ್ಪಲ್ಲ, ಅವನ ಹೊಟ್ಟೆ ತುಂಬಿತು. ಆದರೆ ಹುಲ್ಲುಗಾವಲನ್ನು ಸರ್ಕಾರಿ ಕಾಗದದಲ್ಲಿ 'ಪಾಳುಭೂಮಿ' ಅಂತ ಬರೆದು ನೀಲಗಿರಿ ನೆಟ್ಟದ್ದು ಬೇರೆ ಕತೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆಯಿತು, 119 ಚದರ ಕಿಲೋಮೀಟರ್. ಅಲ್ಲಿ ಎರೆಭೂತವೂ ಇತ್ತು. ನೀಲಗಿರಿ ಮರಗಳು ಬೆಳೆದ ಜಾಗದಲ್ಲಿ ಬಯಲು ಬೇಕಾದ ಹಕ್ಕಿ ಹೇಗೆ ಉಳಿದೀತು? ಈಗ ರಾಜ್ಯದಲ್ಲಿ ಎರೆಭೂತದ ಆಸೆ ಇರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ, ಅದೂ ಬೆರಳೆಣಿಕೆಯಷ್ಟು. ಇತ್ತ ಹೈಟೆನ್ಶನ್ ತಂತಿ ಹೊಸ ಬಂದೂಕಾಗಿದೆ. ಈ ಹಕ್ಕಿಯ ಕಣ್ಣು ಪಕ್ಕಕ್ಕೆ ಇರುವುದರಿಂದ ಎದುರಿನ ತಂತಿ ಬೇಗ ಕಾಣುವುದಿಲ್ಲ, ಭಾರದ ಮೈ ತಟ್ಟನೆ ತಿರುಗುವುದೂ ಇಲ್ಲ. ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ರಾಜಸ್ಥಾನದ ಜೈಸಲ್ಮೇರ್ ಬಳಿ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಬೆಳೆಸುವ ಕೆಲಸ ನಡೆದಿದೆ.

ನಾನಿರುವ ತುರ್ಭೆಗೂ ಈ ಹಕ್ಕಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಇಲ್ಲಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಕಲ್ಲಿನ ಕ್ವಾರಿಗೆ, ಎಂಐಡಿಸಿಗೆ ದುಡಿಯಲು ಬಂದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಬಹಳ. ಎರೆ ನೆಲ ಬಿಟ್ಟು ಬಂದವರು. ಅವರ ಮಕ್ಕಳಿಗೆ ಥಾಣೆ ಖಾಡಿಯ ಫ್ಲೆಮಿಂಗೋ ಗೊತ್ತು, ವಾಶಿ ಸೇತುವೆ ಮೇಲೆ ಲೋಕಲ್ ರೈಲಿನಿಂದ ನೋಡಿದ್ದಾರೆ. ಅಪ್ಪನ ಊರಿನ ಹೊಲದಲ್ಲಿ ಇದ್ದ ಹಕ್ಕಿಯ ಹೆಸರು ಗೊತ್ತಿಲ್ಲ. ರಜೆಗೆ ಊರಿಗೆ ಹೋಗುವ ರೈಲು ಸೊಲ್ಲಾಪುರ ದಾಟುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ನಾನ್ನಜ್ ಇದೆ, ಮಾಳಢೋಕಿಗಾಗಿಯೇ 1979ರಲ್ಲಿ ಮಾಡಿದ ಅಭಯಾರಣ್ಯ. ರೈಲಿನಲ್ಲಿ ಕೂತ ಅಜ್ಜನನ್ನು ಕೇಳಿದರೆ ಒಂದು ಕತೆಯಾದರೂ ಹೊರಬೀಳುತ್ತದೆ.

ಈ ಚರಿತ್ರೆಯನ್ನು ಹೇಳುವಾಗ ಎರಡು ಅಪಾಯ ಇವೆ. ಒಂದು, "ನವಾಬರು, ಸಾಬರು ಬೇಟೆಯಾಡಿ ಎಲ್ಲ ಮುಗಿಸಿದರು" ಅಂತ ಹೊರಗಿನವರು ಹೇಳುವುದು. ಅದು ಸುಳ್ಳು. ಮ್ಯಾನ್ಸ್‌ಫೀಲ್ಡ್ ಯಾರು? ಜೀಪಿನಲ್ಲಿ ಅಟ್ಟಿದ ಅಧಿಕಾರಿಗಳು, ಜಮೀನುದಾರರು ಒಂದೇ ಜಾತಿಯವರೇ? ಇನ್ನೊಂದು, ನಾವೇ ಶಿಕಾರಿಯ ಕತೆಯನ್ನು ನಮ್ಮ ವೈಭವದ ಕತೆ ಮಾಡಿಕೊಂಡು ಕೂರುವುದು. ಅದು ಅರ್ಧಸತ್ಯ. ಬಂದೂಕು ಹಿಡಿದ ಕೈಗಳಲ್ಲಿ ನಮ್ಮ ಕೈಯೂ ಇತ್ತು. ಆ ಹಕ್ಕಿಯನ್ನು ಉಳಿಸಲು ಕಾಯಿದೆ ಬರೆದ ಕೈಗಳಲ್ಲೂ ನಮ್ಮ ಕೈ ಇತ್ತು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಇದ್ದರೆ ಮಾತ್ರ ಅದು ಚರಿತ್ರೆ. ಇಲ್ಲದಿದ್ದರೆ ಅದು ಒಂದೋ ಬೈಗುಳ, ಒಂದೋ ಬಡಾಯಿ.

ಆದ್ದರಿಂದ ಓದುಗರಲ್ಲಿ, ಅದರಲ್ಲೂ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ದಾದಾ, ನಾನಾ, ಅಜ್ಜ ಯಾರೇ ಶಿಕಾರಿ ಕತೆ ಹೇಳಿದರೆ ತಡೆಯಬೇಡಿ, ಹಂಗಿಸಬೇಡಿ. ಕೂತು ಬರೆದುಕೊಳ್ಳಿ. ಯಾವ ವರ್ಷ, ಯಾವ ಊರಿನ ಹೊಲ, ಯಾವ ಹಕ್ಕಿ, ಎಷ್ಟು, ಬಂಡಿಯಲ್ಲೋ ಜೀಪಿನಲ್ಲೋ, ಕೊನೆಯ ಸಲ ಕಂಡದ್ದು ಯಾವಾಗ. ಇಂಗ್ಲಿಷಿನವನ 961 ಹಕ್ಕಿಯ ಲೆಕ್ಕ ಪುಸ್ತಕದಲ್ಲಿದೆ. ನಮ್ಮ ಊರುಗಳ ಲೆಕ್ಕ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಎರೆಭೂತ ಮತ್ತು ಅದನ್ನು ಕಣ್ಣಾರೆ ಕಂಡವರು, ಇಬ್ಬರೂ ಈಗ ಕೆಲವರೇ ಉಳಿದಿದ್ದಾರೆ.